ಹದಿನಾಲ್ಕು ಮೀಟರ್ ವೈರು

ಒಟ್ಟ ಖರ್ಚು ಏಳನೂರಾ ಎಂಬತ್ತು.
ಗ್ಯಾಸಿನ ಕಾರ್ಡಿನ ಹಿಂದ ಬರದಿಟ್ಟೀನಿ.
ಆಟೋದಾಗಿನ ಎರಡು ಸ್ಪೀಕರ್ ಗುಜರಿಯವ
ಮುನ್ನೂರಕ್ಕ ಬಿಟ್ಟ. ಒಂದರ ಕಾಗದ ಹರದಿತ್ತು,
ಫೆವಿಕಾಲ್ ಹಚ್ಚಿ ಹಳೇ ಧೋತರದ ತುಂಡು ಮೆತ್ತಿದೆ.
ಕಲಬುರಗಿ ಸೂಪರ್ ಮಾರ್ಕೆಟಿನಾಗ
ಬೆಂಕಿಪೆಟ್ಟಿಗಿಯಷ್ಟ ಆಂಪ್ಲಿಫೈಯರ್ ಬೋರ್ಡು
ಎರಡನೂರಾ ಎಂಬತ್ತು, ಚೌಕಾಸಿ ಮಾಡಿದ ಮ್ಯಾಲ.
ಬ್ಯಾಟರಿ ಎದುರುಮನಿ ಲಾಡ್ಲೇಸಾಬನ ಟೆಂಪೋದ್ದು,
ಅದರ ಲೆಕ್ಕ ಅಂವಾ ಹಿಡೀಲಿಲ್ಲ, ನಾ ಬರೀಲಿಲ್ಲ.

ಪೆಟ್ಟಿಗಿಗಿ ಪ್ಲೈವುಡ್ ರೇಟು ಕೇಳಿ
ಸುಮ್ಮನ ಹೊಳ್ಳಿ ಬಂದೆ.
ಕುಂಬಾರ ಶಿವಲಿಂಗಮ್ಮನ ಅಂಗಳದಾಗ
ಸೋರೂ ರಂಜಣಗಿ ಎರಡು ಬಿದ್ದಿದ್ದವು, ಜೋಡಿಗಿ ಇನ್ನೂರು.
ನೀರು ನಿಲ್ಲಲಾರದ ಗಡಗಿ
ದನಿ ನಿಲ್ಲಸತಾವು ಅಂದ್ರ ಆಕಿ ನಗತಾಳ.
ಬಾಯಿಗಿ ಸ್ಪೀಕರ್ ಕೂಡಸಿ, ಹೊಟ್ಟಿಗಿ ಅರಳಿ ತುಂಬಿ,
ಬುಡಕ ಶಹಾಬಾದದ ಪರಸಿ ಹಾಕಿದೆ.
ನಮ್ಮೂರಾಗ ಕಲ್ಲಿಗಿ ಯಾರು ರೊಕ್ಕ ಕೊಡತಾರ!

ನಾ ಫ್ಯಾನಿಗಿ ತಂತಿ ಸುತ್ತಾಕಿ.
ಹನ್ನೆರಡು ವರ್ಷ ಗುಂಯ್ ಅನ್ನೂ ಸಪ್ಪಳ
ಬಂದ್ ಮಾಡೂದ ನನ್ನ ಧಂದೆ.
ಮಾಡಬೇಕು ಅನ್ನೂ ಸಪ್ಪಳ ಇದೊಂದ.

ಬ್ಯಾಸಗಿ ರಾತ್ರಿ, ಮಾಳಗಿ ಮ್ಯಾಲ, ಮೊದಲ ಸಲ ಹಚ್ಚಿದಾಗ
ಬಂದದ್ದು ರೇಡಿಯೋದಾಗಿನ ತೊಗರಿ ಧಾರಣಿ.
ಕ್ವಿಂಟಲಿಗಿ ಇಷ್ಟು, ಅಂತ ಹೇಳೂ ಮೊದಲ
ಅಂವಾ ಉಗುಳು ನುಂಗಿದ್ದೂ ಕೇಳಸ್ತು.
ನನ್ನ ಗಂಡ ಅಣವೀರ ಎದ್ದು ಕೂತ:
‘ಏ, ಇಂವಾ ಇಲ್ಲೇ ಅದಾನಲ್ಲ!’

ಆಮ್ಯಾಲ ಹಾಡು ಹಚ್ಚಿದ್ರ ಡಗ್ಗಾ ಇಲ್ಲ.
ಮನಿ ಒಳಗ ಗ್ವಾಡಿ ಇರತಾವ,
ಹೋದ ದನಿ ಬಡದು ಹೊಳ್ಳಿ ಬರತದ.
ಬಯಲಾಗ ಯಾರೂ ಹೊಳ್ಳಸೂದಿಲ್ಲ,
ಗುಮ್ಮ್ ಅಂದದ್ದು ಸೀದಾ ಕಾಗಿಣಾ ಹೊಳಿ ಹಾದಿ ಹಿಡೀತದ.
ಕಟ್ಟಿ ಮೂಲ್ಯಾಗ ಒತ್ತಿ ಇಟ್ಟೆ ಗಡಗಿ.
ಬಂತು. ಮುಷ್ಟಿಯಷ್ಟ, ಖರೇ ಬಂತು.

ಅಷ್ಟರಾಗ ಎದುರು ಮಾಳಗಿಯಿಂದ ಜೈನಬ್ಬಿ:
‘ಅಕ್ಕಾ, ಹಚ್ಚಿದ್ರ ಪೂರಾ ಹಚ್ಚು, ಇಲ್ಲಾ ಬಂದ್ ಮಾಡು.
ಅರ್ಧಾ ಹಾಡು ಕೇಳಿ ನಿದ್ದಿ ಬರೂದಿಲ್ಲ ನೋಡು.’

ಮರುದಿನ ಹದಿನಾಲ್ಕು ಮೀಟರ್ ವೈರು, ನೂರಾ ಅರವತ್ತು.
ತುದಿಗಿ ಕಲ್ಲು ಕಟ್ಟಿ ಓಣಿ ಮ್ಯಾಲಿಂದ ಒಗದೆ.
ಲಾಡ್ಲೇಸಾಬ ಎರಡು ಸಲ ತಪ್ಪಸಿ, ಮೂರನೇ ಸಲ ಹಿಡದ.
ಒಂದು ಗಡಗಿ ಅವರ ಕಡೆ ಹೋತು,
ಒಂದು ನಮ್ಮ ಕಡೆ ಉಳೀತು.

ಸಾರಂಗಿ ನಮಗ, ತಬಲಾ ಅವರಿಗಿ.
ಹಾಡೂ ಕಂಠ ಇಬ್ಬರಿಗೂ ಸಮ.
ಮುಂಜಾನೆ ನಳದ ಮುಂದ ಕೊಡಾ ಇಟ್ಟು
‘ನಿನ್ನಿ ನಿಮಗೇನು ಬಂತು?’ ಅಂತಾಳ ಆಕಿ.
‘ನಮಗ ಕೊಳಲು. ನಿಮಗ?’
‘ನಮಗ ಬರೇ ಚಪ್ಪಾಳಿ, ಅಕ್ಕಾ.
ಇವತ್ತು ವೈರು ಅದಲಿ ಬದಲಿ ಮಾಡು.’

ಒಂದು ರಾತ್ರಿ ಕರೆಂಟ್ ಹೋತು.
ಊರಿನ ಕೂಲರ್ ಎಲ್ಲಾ ಉಸಿರು ಬಿಟ್ಟವು.
ಬ್ಯಾಟರಿಗಿ ಅದರ ಖಬರಿಲ್ಲ, ಹಾಡು ನಡದಿತ್ತು.
ಕೆಳಗ ಎರಡನೇ ಪಾಳಿ ಮುಗಿಸಿ ಬಂದವನೊಬ್ಬ
ಓಣಿ ನಟ್ಟನಡುವ ಸೈಕಲ್ ನಿಂದರಸಿದ.
ಒಂದು ಕಾಲು ನೆಲಕ್ಕ, ಮಾರಿ ಮ್ಯಾಲಕ್ಕ,
ಅಂವಾ ಹೋಗೂದ ಇಲ್ಲ.
ಆವಾಗ ಹೊಳೀತು ನನಗ:
ಪೂರಾ ಹಾಡು ಬೀಳೂದು ಅಲ್ಲಿ,
ಇಬ್ಬರ ಮನಿಯೂ ಅಲ್ಲದ ಜಾಗಾದಾಗ.

ಮರುದಿನ ರಾತ್ರಿ ನೀರು ಚೆಲ್ಲೂ ನೆಪ ಮಾಡಿ ಇಳದೆ.
ಕತ್ತಲದಾಗ ಜೈನಬ್ಬಿ ಮೊದಲ ನಿಂತಿದ್ದಳು,
ಕೈಯಾಗ ಖಾಲಿ ತಂಬಗಿ.
ನಾನೂ ನನ್ನ ಬಕೆಟ್ ಹಗೂರ್ಕ ಕೆಳಗಿಟ್ಟೆ.
ಈ ಕಿವಿಗಿ ತಬಲಾ, ಆ ಕಿವಿಗಿ ಸಾರಂಗಿ,
ನಡುವ ಆ ಕಂಠ, ಎಲ್ಲಿಂದ ಅಂತ ಹೇಳಲಾಕ ಬರೂದಿಲ್ಲ.

ಮ್ಯಾಲಿಂದ ಅಣವೀರ ಒದರಿದ:
‘ಬೋರ್ಡು ಸುಡಲತ್ಯಾದ, ಬಂದ್ ಮಾಡ್ಲೇನು?’
‘ಬ್ಯಾಡ’ ಅಂದಳು ಜೈನಬ್ಬಿ,
ನಾ ಬಾಯಿ ತೆರಿಯೂದ್ರೊಳಗ.