ಮೂರನೆಯ ರೀಲು

ಪುಣೆಯಿಂದ ರೈಲಲ್ಲಿ ಬಂದ ತಗಡಿನ ಡಬ್ಬಿ
ನಾಲ್ಕಿರಬೇಕಿತ್ತು, ಮೂರೇ ಇದ್ದವು.
ಚಿತ್ರ ಜರ್ಮನಿಯದು, ಯುದ್ಧ ಮುಗಿದ ಮರುವರ್ಷದ್ದು,
ಕೆಳಗೆ ಇಂಗ್ಲಿಷಿನ ಒಂದು ಸಾಲೂ ಇಲ್ಲ.
ದುರ್ಗಿಗುಡಿಯ ಶಾಲೆಯಲ್ಲಿ
ಚಂದಾ ಕೊಟ್ಟ ನಲವತ್ತು ಮಂದಿ,
ಅರ್ಧಕ್ಕರ್ಧ ಮೇಷ್ಟ್ರುಗಳು, ಒಬ್ಬ ದಂತವೈದ್ಯ.
ಗೋಡೆಗೆ ಬಿಗಿದ ಜೋಡಿ ಪಂಚೆಯೇ ಪರದೆ,
ಇಸ್ತ್ರಿಯ ಗೆರೆ ಇನ್ನೂ ಹಾಗೇ.

ಕಾರ್ಯದರ್ಶಿ ನಾನು. ಬೆವರಿದೆ.
ಪ್ರೊಜೆಕ್ಟರಿನ ಬೆಲ್ಟು ಬಿಗಿಯುತ್ತಿದ್ದ
ಬ್ಯಾಟರಿ ಅಂಗಡಿಯ ಬುಡನ್ ಸಾಬರು
ತಲೆಯೆತ್ತದೆ ಅಂದರು: "ನಾ ಹೇಳ್ತೀನಿ ಬಿಡಿ.
ಎರಡೂವರೆ ವರ್ಷ ಅವರ ಸೆರೇಲಿದ್ದೆ.
ಉಂಡಿದ್ದು ಕಮ್ಮಿ, ಕಲ್ತಿದ್ದು ಅಷ್ಟಿಷ್ಟು."

ಮರಳುಗಾಡಲ್ಲಿ ಲಾರಿ ಸಮೇತ ಸಿಕ್ಕಿಬಿದ್ದದ್ದು,
ಹಡಗು, ರೈಲು, ಮುಳ್ಳುತಂತಿ,
ಇದೆಲ್ಲ ನನಗೆ ತಿಳಿದದ್ದು ಬಹಳ ಆಮೇಲೆ,
ಅದೂ ಕೆಟ್ಟ ಡೈನಮೋದ ಕತೆ ಹೇಳಿದಷ್ಟೇ ಸಲೀಸಾಗಿ.

ದೀಪ ಆರಿತು.
ಪಂಚೆಯ ಮೇಲೆ ಒಂದು ಊರು ಬಿತ್ತು.
ಕಿಟಕಿಗಳಿದ್ದವು, ಹಿಂದೆ ಮನೆಗಳಿರಲಿಲ್ಲ.
ಹೆಂಗಸರು ಸಾಲಾಗಿ ನಿಂತು
ಕೈಯಿಂದ ಕೈಗೆ ಇಟ್ಟಿಗೆ ದಾಟಿಸುತ್ತಿದ್ದರು,
ಮದುವೆಮನೆಯಲ್ಲಿ ಊಟದೆಲೆ ದಾಟಿಸಿದ ಹಾಗೆ.
ಹುಡುಗನೊಬ್ಬ ಹಳಿಯ ಬದಿ ಕಲ್ಲಿದ್ದಲು ಆಯುತ್ತಿದ್ದ.
ಕತ್ತಲಲ್ಲಿ ಸಾಬರ ದನಿ:
"ಬ್ರೆಡ್ಡು ಎಲ್ಲಿ ಅಂತಾನೆ... ಇಲ್ಲ ಅಂತಾಳೆ.
ಆಲೂಗಡ್ಡೆ ಸಿಪ್ಪೆ ಎಸೀಬೇಡ ಅಂತಾಳೆ.
ಬೇಗ, ಬೇಗ ಅಂತಾನೆ. ಈ ಮಾತು ನಂಗೆ ಚೆನ್ನಾಗಿ ಬರುತ್ತೆ."
ಜನ ನಕ್ಕರು. ದಂತವೈದ್ಯರೂ.

ಮೂರನೆಯ ರೀಲು.
ಅಡುಗೆಮನೆ. ನಡುವಯಸ್ಸಿನ ಹೆಂಗಸು
ಸೀದಾ ನಮ್ಮ ಕಡೆ ತಿರುಗಿ ಮಾತಾಡತೊಡಗಿದಳು.
ಎರಡು ನಿಮಿಷ. ಮೂರಿರಬಹುದು.
ಕೈ ಮಡಿಲ ಬಟ್ಟೆಯನ್ನು ಹಿಂಡುತ್ತಿತ್ತು,
ಕಣ್ಣು ಮಾತ್ರ ಕಿಟಕಿಯ ಕಡೆ ಹೋಗಲೊಲ್ಲದು.
ಸಾಬರು ಸುಮ್ಮನಾದರು.
ಪ್ರೊಜೆಕ್ಟರಿನ ಕಟಕಟ.
ಹಿಂದಿನ ಬೆಂಚಿನಿಂದ ಯಾರೋ: "ಏನಂತೆ? ಏನಂತೆ?"
"ಉಪ್ಪು ಕೇಳ್ತಿದಾಳೆ."

ಅಷ್ಟುದ್ದದ ಮಾತಿಗೆ ಒಂದು ಚಿಟಿಕೆ ಉಪ್ಪೇ?

ರಾತ್ರಿ ತುಂಗೆಯ ಸೇತುವೆ ಮೇಲೆ ಇಬ್ಬರೇ,
ಸೈಕಲ್ಲಿನ ಕ್ಯಾರಿಯರಲ್ಲಿ ಡಬ್ಬಿಗಳ ಲೊಟಲೊಟ.
"ಉಪ್ಪಲ್ಲ," ಅಂದರು.
"ನಮಗೇನೂ ಗೊತ್ತಿರಲಿಲ್ಲ ಅಂದಳು. ತಿರುತಿರುಗಿ ಅದೇ."
ಬೀಡಿ ಹಚ್ಚಿದರು.
"ನಮ್ಮನ್ನ ಹೊಲಕ್ಕೆ ಹೊಡಕೊಂಡು ಹೋಗೋ ದಾರೀಲಿ
ಹಳದಿ ಮನೆ ಒಂದಿತ್ತು, ಪಕ್ಕದಲ್ಲೇ ರೈಲು.
ಬಾಗಿಲು ಜಡಿದ ಗೂಡ್ಸು ಡಬ್ಬಿ, ಸಂದೀಲಿ ಬೆರಳು.
ಆ ಮನೆ ಮುದುಕಿ ನಮಗೆ ಬೇಯಿಸಿದ ಆಲೂಗಡ್ಡೆ ಎಸೀತಿದ್ಲು,
ಉಪ್ಪು ಸವರಿ.
ರೈಲು ಬಂದ್ರೆ ಪರದೆ ಎಳೀತಿದ್ಲು.
ಎರಡೂ ಅವಳೇ."
ಸೇತುವೆ ಮುಗಿದ ಮೇಲೆ:
"ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆ ಅಂತಾರಲ್ಲ.
ನೆನೀತೀನಿ. ಪರದೇನೂ ನೆನೀತೀನಿ."

ನಾಲ್ಕನೆಯ ಡಬ್ಬಿ ಬರಲೇ ಇಲ್ಲ.
ಇದು ಇಲ್ಲಿಗೇ ಮುಗಿದಿದ್ದರೆ
ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಚೆಂದವಿತ್ತು.

ಹದಿನಾರು ವರ್ಷ ಕಳೆದು,
ಮೆರವಣಿಗೆಯೊಂದು ದಾರಿ ಬದಲಿಸಿದ ಸಂಜೆ
ಷಟರು ಮೀಟುವ ಸದ್ದು ನನ್ನ ಮಹಡಿಗೆ ಕೇಳಿತು.
ಆಮೇಲೆ ಸುಟ್ಟ ರಬ್ಬರಿನ ವಾಸನೆ.
ಬೀದಿಯಲ್ಲಿದ್ದವರು ನನ್ನ ಪಾಠ ಕೇಳಿದ ಹುಡುಗರು,
ಹಾಜರಿ ಪುಸ್ತಕದ ಸರದಿಯಲ್ಲೇ ಹೆಸರು ಹೇಳಬಲ್ಲೆ.
ಎದ್ದು ಪರದೆ ಎಳೆದೆ.

ಬೆಳಿಗ್ಗೆ ಪೇದೆ ಬಂದು ಕೇಳಿದ.
ಸಾಬರು ಅಲ್ಲೇ ಕೂತು
ಬೂದಿಯಿಂದ ಸೀಸದ ತುಂಡು ಆರಿಸುತ್ತಿದ್ದರು.
ನಾನು ಬಾಯಿ ತೆರೆದೆ: ಮಾತ್ರೆ ನುಂಗಿ ಮಲಗಿದ್ದೆ,
ಮೊದಲೇ ಕಣ್ಣು ಮಂದ, ಅಸಲು ನಾನು ಊರಲ್ಲೇ
ಮಾತು ಎಷ್ಟು ಉದ್ದವಾಯಿತೋ.
ಜೀಪಿನೊಳಗಿಂದ ಇನ್‌ಸ್ಪೆಕ್ಟರು ಕೂಗಿದರು:
"ಏನಂತೆ?"

ಪೇದೆಗಿಂತ ಮೊದಲು ಸಾಬರು ಹೇಳಿದರು,
ತಲೆಯೆತ್ತದೆ:
"ಮೇಷ್ಟ್ರು ಉಪ್ಪು ಕೇಳ್ತಿದಾರೆ."