ಸದ್ದಿನ ಲೆಕ್ಕ

ಮೊದಲು ಬಂದದ್ದು ಒಂದು ಟವೆಲು.
ಬಿಳಿ, ತೆಳ್ಳಗೆ, ಕಾಗದದಲ್ಲಿ ಸುತ್ತಿದ್ದು.
ಜೊತೆಗೊಂದು ಚೀಟಿ:
ಗ್ಯಾಸಿನ ಹಳೆ ಕೊಳವೆ ಬದಲಿಸಬೇಕು,
ರಾತ್ರಿ ಹತ್ತರಿಂದ ಬೆಳಗಿನ ಐದು,
ತೊಂದರೆಗೆ ತಲೆಬಾಗಿ ಕ್ಷಮೆ ಕೇಳುತ್ತೇವೆ.
ಕ್ಷಮೆಯ ಕೆಳಗೆ ಹೆಲ್ಮೆಟ್ಟಿನವನೊಬ್ಬನ ಚಿತ್ರ,
ನಿಜಕ್ಕೂ ಸೊಂಟ ಬಗ್ಗಿಸಿದ್ದ.

ತೋಫು ಮಾಡುವವಳು ನಾನು, ಅಮಾಗಸಾಕಿಯ ಈ ಓಣಿಯಲ್ಲಿ
ಎಂಟಕ್ಕೆ ಮಲಗಿ ಮೂರಕ್ಕೆ ಏಳುವವಳು.
ನನ್ನ ಇಡೀ ರಾತ್ರಿಯೇ ಏಳು ಗಂಟೆ;
ಅದರಲ್ಲಿ ಐದು ಅವರಿಗೆ,
ಒಂದು ಟವೆಲಿಗೆ.

ಮೊದಲ ರಾತ್ರಿ ಹಲ್ಲು ಅಲುಗಿತು. ಸುಳ್ಳಲ್ಲ.
ಲೋಟದಲ್ಲಿಟ್ಟ ಗಂಡನ ಹಲ್ಲುಸೆಟ್ಟು
ಗಾಜಿಗೆ ಬಡಿದು ಕಟಕಟ ಅಂದಿತು.
ಗಂಡ ಮಾತ್ರ ಏಳಲಿಲ್ಲ.
ತೊಕುಜಿಯ ನಿದ್ದೆ ಅಂದರೆ ಬಾವಿಗೆ ಬಿದ್ದ ಕೊಡ,
ಹಗ್ಗದ ಸಮೇತ.

ಎರಡನೇ ರಾತ್ರಿ ಕಿವಿಗೆ ಹತ್ತಿ. ಮೂರನೇ ರಾತ್ರಿ
ಗೋಡೆಬೀರುವಿನೊಳಗೆ ಹಾಸಿಗೆ ಹಾಸಿ,
ನುಸಿಗುಳಿಗೆಯ ವಾಸನೆಯಲ್ಲಿ ಮುದುಡಿದೆ.
ನಾಲ್ಕನೇ ರಾತ್ರಿ, ಎರಡೂವರೆಗೆ,
ಟವೆಲನ್ನು ಅವರ ಮುಖಕ್ಕೆ ಎಸೆದು ಬರಲು ಹೊರಟೆ.

ಓಣಿಯ ಬಾಯಲ್ಲಿ ಹಸಿರು ಪ್ಲಾಸ್ಟಿಕ್ ಕಪ್ಪೆಗಳು
ಸಾಲಾಗಿ ಕುಳಿತು, ಅಡ್ಡಕಂಬಿ ಹಿಡಿದು ನಗುತ್ತಿದ್ದವು.
ಬೇಲಿಯ ಮೇಲೊಂದು ಪೆಟ್ಟಿಗೆ, ಅದರಲ್ಲಿ ಕೆಂಪು ಅಂಕಿ;
ಸದ್ದನ್ನು ಅಳೆಯುತ್ತದಂತೆ. ಎಂಬತ್ತೊಂದು. ಎಪ್ಪತ್ತೊಂಬತ್ತು.
ಕದ್ದವನೇ ತಕ್ಕಡಿ ಹಿಡಿದು ನಿಂತ ಹಾಗೆ.
ನಾನು ತಲುಪುವುದಕ್ಕೂ
ಅವರು ಯಂತ್ರ ನಿಲ್ಲಿಸುವುದಕ್ಕೂ ಸರಿಹೋಯಿತು.
ಬಿಡುವಿನ ಹೊತ್ತು. ನಲವತ್ತಮೂರು.
ನಾಲ್ಕು ರಾತ್ರಿ ಹೊಸೆದಿಟ್ಟುಕೊಂಡಿದ್ದ ಮಾತು ಬಿಟ್ಟೆ:
“ನೀವೇನು ಮನುಷ್ಯರಾ!”
ಅರವತ್ತೊಂಬತ್ತು.

ಇಬ್ಬರೂ ಅಂಕಿ ನೋಡಿದೆವು,
ನಾನೂ, ಕಾವಲಿನ ಮುದುಕನೂ.
ಅವನು ಕೆಂಪು ದೀಪದ ಕೋಲನ್ನು ಕಂಕುಳಿಗೆ ಸಿಕ್ಕಿಸಿ
ಬಗ್ಗಿದ, ಚೀಟಿಯ ಚಿತ್ರಕ್ಕಿಂತ ಕೆಳಕ್ಕೆ.
ಎಪ್ಪತ್ತು ದಾಟಿದ ಸೊಂಟ, ನೆಟ್ಟಗಾಗಲು ಹೊತ್ತು ಹಿಡಿಯಿತು.
ಎದೆಯ ಪಟ್ಟಿಯಲ್ಲಿ ಹೆಸರು: ನೆಜು.
ನಿದ್ದೆ ಕೆಡಿಸಿದೆವು, ದೊಡ್ಡ ತಪ್ಪಾಯಿತು ಅಂದ.
“ನಿಮಗೇನು, ಹಗಲಿಡೀ ಮಲಗುತ್ತೀರಿ” ಅಂದೆ, ಚುಚ್ಚುವುದಕ್ಕೇ.
“ನಮ್ಮ ಮನೆ ಮುಂದೆ ಹಗಲು ಅಗೆಯುತ್ತಾರೆ” ಅಂದ,
“ಚರಂಡಿ ಕೆಲಸ. ನಮಗೆ ಟವೆಲು ಕೂಡ ಕೊಡಲಿಲ್ಲ.”

ಟವೆಲು ನನ್ನ ಕೈಯಲ್ಲೇ ಇತ್ತು.
ಕೊಟ್ಟೆ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು.
ಕೊಡಲಿಲ್ಲ. ನನ್ನದೂ ನಾಲ್ಕು ರಾತ್ರಿ ಹೋಗಿತ್ತು.

ಮೂರು ಗಂಟೆ. ನೆನೆದ ಸೋಯಾ ಕಾಳು ಉಬ್ಬಿ
ಬಕೆಟ್ಟಿನ ಕಂಠದವರೆಗೆ ಬಂದಿತ್ತು.
ಅರೆಯುವ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟಾಗ
ಯಾಕೋ ನೆನಪಾಯಿತು: ಹನ್ನೊಂದು ವರ್ಷದ ಹಿಂದೆ
ಪಕ್ಕದ ಮಹಡಿಯ ಹುಡುಗಿ, ಪರೀಕ್ಷೆಗೆ ಓದುತ್ತಿದ್ದವಳು,
ಶಟರಿನಡಿ ತೂರಿಸಿದ್ದ ಕಾಗದ.
ದಯವಿಟ್ಟು, ಸಾಧ್ಯವಾದರೆ, ಅರ್ಧ ಗಂಟೆ ತಡವಾಗಿ.
ಪೆನ್ಸಿಲ್ಲಿನಲ್ಲಿ ಬರೆದಿದ್ದಳು, ಬೇಡವೆಂದರೆ ಅಳಿಸಬಹುದಾದ ಹಾಗೆ.
ನಾಲ್ಕು ಮಡಿಕೆ ಮಾಡಿ ಮೇಜಿನ ಕುಂಟು ಕಾಲಿನಡಿ ಇಟ್ಟಿದ್ದೆ.
ಮೇಜು ಇವತ್ತಿಗೂ ಅಲುಗುವುದಿಲ್ಲ.

ಬೆಳಗಿನ ತೋಫು ಏಳಕ್ಕೆ ಗಿರಾಕಿಯ ಕೈಲಿರಬೇಕು.
ಗುಂಡಿ ಒತ್ತಿದೆ.

ಅರೆತೆರೆದ ಶಟರಿನಡಿಯಿಂದ ಕಂಡದ್ದು:
ಬೀದಿಯಲ್ಲಿ ಯಂತ್ರಗಳಿನ್ನೂ ಸುಮ್ಮನಿವೆ,
ಕೆಲಸದವರು ಕುಕ್ಕರುಗಾಲಲ್ಲಿ ಡಬ್ಬಿಕಾಫಿ ಕುಡಿಯುತ್ತಿದ್ದಾರೆ,
ಕೆಂಪು ಅಂಕಿ ನಲವತ್ತನಾಲ್ಕರಿಂದ ಜಿಗಿದು ಎಪ್ಪತ್ತನಾಲ್ಕು.
ಪತ್ರಿಕೆ ಹಾಕುವ ಹುಡುಗ ಸೈಕಲ್ಲಿನಲ್ಲಿ ಬಂದವನು
ಒಂದು ಕಿವಿಗೆ ಅಂಗೈ ಒತ್ತಿ
ಕಪ್ಪೆಗಳ ಕಡೆ ಮುಖ ಸಿಂಡರಿಸಿದ.
ನೆಜು ಅಂಕಿ ನೋಡಿದ. ನಮ್ಮ ಅಂಗಡಿ ನೋಡಿದ.
ಆಮೇಲೆ ಕೋಲನ್ನು ಕಂಕುಳಿಗೆ ಸಿಕ್ಕಿಸಿ,
ಆ ಹುಡುಗನಿಗೆ,
ನಡು ಬಗ್ಗಿಸಿ
ಕ್ಷಮೆ ಕೇಳಿದ.