ಏಪ್ರಿಲ್, ಎರಡನೇ ರೇಸು

ಔಷಧದಂಗಡಿಯ ಕೌಂಟರಿನಾಚೆ ನಿಂತು
ಬಿ.ಪಿ. ಮಾತ್ರೆಗೆ ಕೈಚಾಚಿದ ಬೆರಿಲ್ ಆರ್ಮಿಟೇಜ್
ಅಡಿಯಿಂದ ಮುಡಿವರೆಗೆ ನನ್ನನ್ನೊಮ್ಮೆ ಅಳೆದು
‘ತೂಕ ಎಷ್ಟು?’ ಅಂದಿದ್ದಳು.
ಎಪ್ಪತ್ತೆರಡು ಎಂದೆ, ತುಸು ನಾಚಿ.
‘ಭೇಷ್. ಭಾನುವಾರ ಬಾ.’
ನನ್ನ ತೂಕಕ್ಕೆ ಅಷ್ಟು ಖುಷಿಪಟ್ಟವರು
ಸೂಲಗಿತ್ತಿಯ ನಂತರ ಯಾರೂ ಇರಲಿಲ್ಲ.

ಹಾಗೆ ಶುರುವಾದದ್ದು. ಇದು ಮೂರನೇ ವಸಂತ.

ಹೋಮ್‌ಫರ್ತಿನ ಮೇಲೆ, ಗುಡ್ಡದ ಬೊಗಸೆಯಲ್ಲಿ ಕೆರೆ.
ಸುತ್ತ ಗಾರೆಯಿಲ್ಲದ ಕಲ್ಲುಗೋಡೆ, ಗೋಡೆಯಾಚೆ
ಪಕ್ಕೆಗೆ ನೀಲಿ ಅಂಕಿ ಬರೆಸಿಕೊಂಡ ಕುರಿಮರಿಗಳು.
ಅವಕ್ಕೂ ನಂಬರು, ನಮ್ಮ ಹಾಯಿಗೂ ನಂಬರು.
ಗಾಳಿಗೆ ಮಾತ್ರ ಇಲ್ಲಿ ನೆಟ್ಟಗೆ ಬರುವ ದಾರಿಯಿಲ್ಲ:
ಒಂದು ಕಣಿವೆಯಿಂದ ಇಣುಕುತ್ತದೆ, ಇನ್ನೊಂದರಿಂದ ಬೀಳುತ್ತದೆ,
ಕರೆದರೆ ಬಾರದು, ಬೈದರೆ ಎರಡೂ ಕಡೆಯಿಂದ ಬರುತ್ತದೆ.

ಹತ್ತಕ್ಕೆ ಬಿಸಿಲು. ಕ್ಲಬ್ಬಿನ ಜಗಲಿಯಲ್ಲಿ
ಎಲ್ಲರೂ ಸ್ವೆಟರ್ ಬಿಚ್ಚಿ ಮೂರ್ಖರಾದರು.
ಹತ್ತೂವರೆಗೆ ಮೋಡ. ಹತ್ತೂಮುಕ್ಕಾಲಿಗೆ
ಬಾವುಟವೆಂದರೆ ಕಂಬಕ್ಕೆ ನೇತುಬಿದ್ದ ಒದ್ದೆ ಕಾಲುಚೀಲ.
ಕ್ಲೈವ್ ಸೈಕ್ಸ್, ಇಂದಿನ ತೀರ್ಪುಗಾರ,
ಗಡಿಯಾರ ನೋಡಿದ, ಆಕಾಶ ನೋಡಿದ,
ತಿಂಡಿ ಡಬ್ಬಿಯ ಮುಚ್ಚಳ ಹಾಕಿ ಹಾರ್ನ್ ಒತ್ತಿದ:
ಇನ್ನು ಐದು ನಿಮಿಷ.

ದೋಣಿಯಲ್ಲಿ ಬೆರಿಲ್‌ಗೆ ಮಾತಿಲ್ಲ.
‘ಎಳಿ’, ‘ಬಿಡು’, ‘ತಲೆ’: ಮೂರೇ ಶಬ್ದದ ಭಾಷೆ.
ಮೊದಲ ವರ್ಷ ನಮ್ಮದು
ಎತ್ತು ಏರಿಗೆ, ಕೋಣ ನೀರಿಗೆ.
ಈಗ ಚುಕ್ಕಾಣಿಯ ಮೇಲೆ ಅವಳ ಮೊಣಕೈ ಅಲುಗಿದರೆ
ನನ್ನ ಕೈಯ ಹಗ್ಗಕ್ಕೆ ಗೊತ್ತಾಗುತ್ತದೆ.

ಹತ್ತು, ಒಂಬತ್ತು, ಎಂಟು
ಅನ್ನುವಷ್ಟರಲ್ಲಿ ಪಡುವಣ ಗುಡ್ಡದಿಂದ ಕಪ್ಪಗೆ
ನೀರಿನ ಮೈಯ ಕೂದಲು ನಿಮಿರಿಸುತ್ತ ಬಂತು.
‘ಎಳಿ!’
ಪಟ್ಟಿಗೆ ಪಾದ ಸಿಕ್ಕಿಸಿ ಹೊರಕ್ಕೆ ವಾಲಿದೆ
ಎಪ್ಪತ್ತೆರಡೂ ಕಿಲೋ ಸಮೇತ.
ಗಾಳಿಯ ಬೆನ್ನಿಗೇ ಆಲಿಕಲ್ಲು:
ಹಾಯಿಗೆ, ಟೊಪ್ಪಿಗೆ, ಬೆರಳ ಗೆಣ್ಣಿಗೆ,
ಮೊರ ಜಾರಿ ಚೆಲ್ಲಿದ ಜೋಳ.
ಹಾರ್ನ್ ಒಂದು ಸಲ ಕೇಳಿತು. ಎರಡು ಸಲವೇ?
ಯಾರಿಗೆ ಗೊತ್ತು.

ಹಿಂಚ್‌ಲಿಫ್ ಅಣ್ಣತಮ್ಮಂದಿರು, ಹೊಸ ದೋಣಿ, ಹೊಸ ಹಾಯಿ,
ಮೊದಲ ಕಿತ್ತಳೆ ಬುರುಡೆಯಲ್ಲೇ ನಮ್ಮನ್ನು ದಾಟಿದರು,
ಕ್ಷಮಿಸಿ ಎನ್ನಬಹುದಾದಷ್ಟು ಹತ್ತಿರದಿಂದ.
ಅನ್ನಲಿಲ್ಲ.

ಎರಡನೇ ಸುತ್ತಿಗೆ ಗಾಳಿ ಸತ್ತಿತು.
ಒಂಬತ್ತು ದೋಣಿ ಕೆರೆಯ ನಡುವೆ
ಬಸ್ಸಿಗೆ ಕಾದವರಂತೆ, ಒಬ್ಬರ ಮುಖ ಒಬ್ಬರು ನೋಡದೆ.
ಮತ್ತೆ ಬಿಸಿಲು, ಏನೂ ಮಾಡದವನ ಹಾಗೆ.
ತೊಡೆಯ ಮೇಲಿನ ಆಲಿಕಲ್ಲು ಕರಗಿ ಮೊಣಕಾಲಿಗಿಳಿಯಿತು.
ಅಣ್ಣ ತಮ್ಮನನ್ನು ಬೈಯುವುದು
ನೀರಿನ ಮೇಲೆ ಅಕ್ಷರ ಬಿಡದೆ ಕೇಳುತ್ತಿತ್ತು.

ಬೆರಿಲ್ ನೋಡುತ್ತಿದ್ದದ್ದು ಕೆರೆಯನ್ನಲ್ಲ,
ಉತ್ತರದ ಗೋಡೆಯಾಚೆಯ ಕುರಿಗಳನ್ನು.
ಮೇಯುತ್ತಿದ್ದವು. ಒಂದು ತಲೆಯೆತ್ತಿತು.
ಆಮೇಲೆ ಒಂದೊಂದಾಗಿ ಹೊರಳಿ
ಉತ್ತರಕ್ಕೆ ಬೆನ್ನು ಮಾಡಿ ನಿಂತವು.
ಅವಳ ಮೊಣಕೈ ಅಲುಗಿತು.
ಎಲ್ಲರೂ ಎಡಕ್ಕೆ ತೇಲುವಾಗ ನಾವು ಬಲಕ್ಕೆ,
ಇಂಚಿಂಚು, ಉಸಿರು ಬಿಗಿಹಿಡಿದು.
ಮೊದಲು ಹಾಯಿಯಂಚಿನ ಉಣ್ಣೆದಾರ ಎದ್ದಿತು,
ಆಮೇಲೆ ಹಾಯಿ,
ಆಮೇಲೆ ಏನಾಯಿತೋ, ನಾವು ಹೋಗುತ್ತಿದ್ದೆವು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ ನಮ್ಮವರು.
ಕೈಯಲ್ಲಿ ಕಾಳಿಲ್ಲ, ಹೊಟ್ಟಿಲ್ಲ, ಒಂದು ಒದ್ದೆ ಹಗ್ಗ.
ತೂರಿದೆ, ನನ್ನನ್ನೇ, ಅಂಚಿನಾಚೆಗೆ
ಜಡೆಯ ತುದಿ ನೀರು ಕುಡಿಯುವಷ್ಟು.

ಗೆರೆ ದಾಟಿದೆವು. ಮೊದಲು. ಮೂವತ್ತು ಮಾರು ಮುಂದೆ.
ಹಾರ್ನ್ ಇಲ್ಲ.
‘ಊದೋ ಮಾರಾಯ!’ ಕನ್ನಡದಲ್ಲೇ ಕೂಗಿದೆ.
ಕ್ಲೈವ್ ತಿಂಡಿ ಡಬ್ಬಿಯಿಂದ ತಲೆಯೆತ್ತಿ
ಕಟಕಟೆಗೆ ಒಣಹಾಕಿದ ಬಿಳಿ ಬಾವುಟ ತೋರಿಸಿದ,
ನಡುವೆ ನೀಲಿ ಶಿಲುಬೆಯದು.
ಶುರುವಿನಲ್ಲೇ ಒಂದು ಗೇಣು ಮುಂಚೆ ನುಗ್ಗಿದ್ದೆವಂತೆ.
ವಾಪಸು ಕರೆದಿದ್ದನಂತೆ. ಲೆಕ್ಕಕ್ಕಿಲ್ಲ.
ಹಿಂದಿನಿಂದ ಹಿಂಚ್‌ಲಿಫರಿಗೆ ಹಾರ್ನ್ ಊದಿತು,
ಉದ್ದಕ್ಕೆ.

‘ಆ ಆಲಿಕಲ್ಲಿನಲ್ಲಿ ಕೇಳುವುದಾದರೂ ಹೇಗೆ,’ ಅಂದೆ.
ಬೆರಿಲ್ ಮೂಗು ಒರೆಸಿಕೊಂಡಳು ತೋಳಿಗೆ.
‘ನನಗೆ ಕೇಳಿಸಿತ್ತು. ತಿರುಗಿಸಲು ಮನಸ್ಸು ಬರಲಿಲ್ಲ.’

ಮೂರು ವರ್ಷದಲ್ಲಿ ದೋಣಿಯೊಳಗೆ
ಅವಳಾಡಿದ ಅತಿ ಉದ್ದದ ಮಾತು.
ಮುಂದಿನ ರೇಸಿಗೆ ಇಪ್ಪತ್ತು ನಿಮಿಷ ಇತ್ತು.
ಕುರಿಗಳು ಆಗಲೇ ಮತ್ತೆ ಹೊರಳುತ್ತಿದ್ದವು.